ದೊಡ್ಡೀರಿ ಕದ

ಇಲ್ಲ ಕಣ್ರೀ, ಗೋಡೆ ಬಿದ್ದುಹೋಗಿಲ್ಲ. ಗೋಡೆ ಇರ್ಲೇ ಇಲ್ಲ. ಬಂದೋರೆಲ್ಲ ಮೊದ್ಲು ಎಡಕ್ಕೆ ನೋಡ್ತಾರೆ, ಆಮೇಲೆ ಬಲಕ್ಕೆ. ಬಾಯಿಬಿಟ್ಟು ಯಾರೂ ಕೇಳಲ್ಲ, ಆದ್ರೆ ಮುಖದ ಮೇಲೆ ಬರ್ದಿರ್ತದೆ: ಇಷ್ಟು ಗಟ್ಟಿ ಬಾಗಿಲು ನಿಲ್ಸಿದ ಜನಕ್ಕೆ ಪಕ್ಕದಲ್ಲಿ ನಾಕು ಕಲ್ಲು ಜೋಡ್ಸೋಕಾಗ್ಲಿಲ್ವಾ ಅಂತ. ಮರಡೀಪುರದ ಗುಡ್ಡದ ಸೊಂಟದಲ್ಲಿ ಹದಿನೆಂಟು ಎಕರೆ ಕಾಡು ಇದೆ. ದಿಂಡಿಗ, ಕಮರ, ನಡುನಡುವೆ ಕಕ್ಕೆ. ಸುತ್ತ ಹತ್ತು ಮೈಲಿ ಬರೀ ಬಂಡೆ, ತಂಗಡಿ ಗಿಡ. ಕಾಡಿನ ಮುಂದೆ ಬೇವಿನ ಮರದ ಒಂಟಿ ಕದ, ಚೌಕಟ್ಟಿನ ಸಮೇತ, ಬಯಲಲ್ಲಿ ನಿಂತಿದೆ. ಕದ ಮೂರು ಸಲ ಬದಲಾಗಿದೆ, ಚೌಕಟ್ಟು ಎರಡು ಸಲ. ಕಬ್ಬಿಣದ ಚಿಲಕ ಮಾತ್ರ ಮೊದಲಿಂದ ಒಂದೇ. ಪಕ್ಕದಲ್ಲಿ ಯಾರೋ ಪುಣ್ಯಾತ್ಮರು ನಿಲ್ಲಿಸಿರೋ ಬೋರ್ಡಿನಲ್ಲಿ, ಇದು ಮಹರ್ಷಿಯೊಬ್ಬರು ತಪಸ್ಸು ಮಾಡಿದ ಜಾಗ ಅಂತ ಇದೆ. ಆ ಮಹರ್ಷಿ ಯಾರು ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ. ಇಲ್ಲಿ ತಪಸ್ಸು ನಡೆದಿಲ್ಲ. ಇಲ್ಲಿ ನಡೆದಿದ್ದು ಜಗಳ.

ಹಿಂದೆ ಒಮ್ಮೆ, ಪಾಳೇಗಾರರ ಕಾಲ ಅಂತ ಕೆಲವರು, ಅದಕ್ಕೂ ಹಿಂದೆ ಅಂತ ಇನ್ನು ಕೆಲವರು ಅಂತಾರೆ, ಈ ಗುಡ್ಡ ಬೋಳಾಗಿತ್ತು. ಇದ್ದ ಕಾಡನ್ನ ಊರವರೇ ಕಡಿದು ಮುಗಿಸಿದ್ರು. ಉಳಿದಿದ್ದು ಮೊಣಕಾಲೆತ್ತರದ ಮೋಟುಗಳು, ಅವುಗಳ ಮಧ್ಯೆ ಓಡಾಡೋ ಆಡುಗಳು. ಊರಿನ ಬಡಗಿ ನಂಜಾಚಾರಿಗೆ ಕೈ ನಡುಕ ಬಂದ ಮೇಲೆ ಬಾಚಿ, ಉಳಿ ಎಲ್ಲ ಮಗಳು ದೊಡ್ಡೀರಿ ಪಾಲಿಗೆ ಬಂದ್ವು. ಹೆಂಗಸು ಬಾಚಿ ಹಿಡಿದದ್ದು ಊರಿಗೆ ಹಿಡಿಸಲಿಲ್ಲ. ಊರು ಅವಳಿಗೆ ಮೊದಲೇ ಹಿಡಿಸ್ತಿರಲಿಲ್ಲ. ಅವಳ ಬಾಯಲ್ಲಿ ಒಂದು ಒಳ್ಳೇ ಮಾತು ಕೇಳಿದೋರಿಲ್ಲ; ಕತೆ ಹೇಳೋ ಮುದುಕರೂ ಒಂದನ್ನ ಕಟ್ಟಿ ಸೇರಿಸೋಕೆ ಹೋಗಿಲ್ಲ. ನೊಗಕ್ಕೆ, ನೇಗಿಲಿಗೆ ಮರ ಬೇಕು ಅಂದ್ರೆ ಮೂರು ದಿನದ ದಾರಿ ಗಾಡಿ ಹೊಡ್ಕೊಂಡು ಹೋಗಬೇಕಿತ್ತು. ಹಂಗೆ ವಾಪಸ್ ಬರುವಾಗ ಒಂದು ಸಲ ಕಾಲಿನ ಮುಳ್ಳು ತೆಗೆಯೋಕೆ ಅಂತ ಇದೇ ಗುಡ್ಡದ ಮೋಟಿನ ಮೇಲೆ ಕೂತಳಂತೆ. ಬಾಚಿಯ ಮೂಲೆ ತಾಗಿ ತೊಗಟೆ ಎದ್ದಿತು. ಒಳಗೆ ಹಸಿರು. ಪಕ್ಕದ ಮೋಟು ಕೆರೆದಳು, ಅದೂ ಹಸಿರು. ಇವು ಸತ್ತಿರಲಿಲ್ಲ. ಪ್ರತಿ ವರ್ಷ ಭರಣಿ ಮಳೆಗೆ ಚಿಗುರ್ತಿದ್ದವು, ಎಂಟು ದಿನದಲ್ಲಿ ಆಡು ಬಂದು ಬೋಳಿಸ್ತಿದ್ದವು. ಹೊಸದಾಗಿ ಒಂದು ಗಿಡ ನೆಡೋದೂ ಬೇಡ, ಆಡುಗಳ ಬಾಯಿ ತಪ್ಪಿಸಿದರೆ ಸಾಕು.

ಅವಳು ನೇರ ಪಂಚಾಯ್ತಿ ಕಟ್ಟೆಗೆ ಹೋದಳು. ಮರಡೀಪುರದ ಕಟ್ಟೆ ಮೇಲೆ ಒಂದು ಕರೀ ಗುಂಡುಕಲ್ಲು ಇದೆ, ಈಗಲೂ ನೋಡಬಹುದು. ಆ ಕಲ್ಲಿನ ಮೇಲೆ ಕೈಯಿಟ್ಟು ಆಡಿದ ಮಾತನ್ನ ಯಾರೂ ಹಿಂದಕ್ಕೆ ತಗೊಳೋ ಹಂಗಿಲ್ಲ. ತಗೊಂಡವನು ಆಮೇಲೆ ಕಟ್ಟೆ ಹತ್ತೋ ಹಂಗಿಲ್ಲ, ಅವನ ಮಕ್ಕಳೂ ಹತ್ತೋ ಹಂಗಿಲ್ಲ. ಊರಿಗೆ ದೊಡ್ಡವನು ಬೊಮ್ಮಲಿಂಗಗೌಡ. ಅವನ ಮುನ್ನೂರು ಆಡು ಆ ಗುಡ್ಡದ ಮೇಲೇ ಮೇಯ್ತಿದ್ದವು. ಗೌಡನಿಗೆ ಮಂಡಿನೋವು. ಎದ್ದು ನಿಂತು ಮಾತಾಡಬೇಕು ಅಂದ್ರೆ ಕೈಗೆ ಏನಾದ್ರೂ ಆಸರೆ ಬೇಕಿತ್ತು. ಹತ್ತಿರದಲ್ಲಿ ಇದ್ದದ್ದು ಆ ಕಲ್ಲೇ.

"ಮೂರು ವರ್ಷ ಗುಡ್ಡಕ್ಕೆ ಆಡು ಬಿಡಬೇಡಿ. ಕಾಡು ತಾನೇ ಏಳ್ತದೆ," ಅಂದಳು ದೊಡ್ಡೀರಿ.

"ಯಾಕಮ್ಮಾ, ಗುಡ್ಡ ನಿಮ್ಮಪ್ಪನ ಮನೆಯಾ?" ಅಂದ ಗೌಡ, ಕಲ್ಲು ಹಿಡಿದು ಎದ್ದು ನಿಂತು. "ಮನೆ ಅಂದ್ಮೇಲೆ ಕದ ಇರಬೇಕಲ್ಲ. ಎಲ್ಲಿ, ತೋರ್ಸು. ಕದ ಇರೋ ಕಡೆ ನಮ್ಮ ಆಡು ಕಾಲಿಡಲ್ಲ ತಾಯಿ, ಅವಕ್ಕೂ ಮರ್ಯಾದೆ ಇದೆ."

ಕಟ್ಟೆ ಪೂರ್ತಿ ನಕ್ಕಿತು. ದೊಡ್ಡೀರಿ ನಗಲಿಲ್ಲ. "ಇನ್ನೊಂದ್ಸಲ ಹೇಳು ಗೌಡ, ಹಿಂದಿನೋರಿಗೆ ಕೇಳಿಸ್ಲಿಲ್ಲ."

ಗೌಡನಿಗೆ ತನ್ನ ಮಾತು ತನಗೇ ರುಚಿಸಿತ್ತು. ದನಿ ಏರಿಸಿ ಹೇಳಿದ. "ಕದ ಇರೋ ಕಡೆ ಮರಡೀಪುರದ ಒಂದಾಡೂ ಕಾಲಿಡಲ್ಲ."

"ಕೈ ಎಲ್ಲಿದೆ ನೋಡ್ಕೊ," ಅಂದು ಅವಳು ಹೊರಟುಹೋದಳು.

ಮಾರನೇ ದಿನ ಬೆಳಿಗ್ಗೆ ತನ್ನ ಮನೆಯ ಕದವನ್ನೇ ಚೌಕಟ್ಟಿನ ಸಮೇತ ಕಿತ್ತು, ತಲೆ ಮೇಲೆ ಹೊತ್ತು ತಂದು ಗುಡ್ಡದ ಮೇಲೆ ನೆಟ್ಟಳು. ಚಿಲಕ ಹಾಕಿದಳು. ಗೌಡನಿಗೆ ಆಡಿದ ಮಾತು ಮುರಿಯೋ ಆಸೆ ಬೇಕಾದಷ್ಟಿತ್ತು. ಆದ್ರೆ ಅವನ ದಾಯಾದಿಗಳು ಅದಕ್ಕೇ ಕಾಯ್ತಾ ಕೂತಿದ್ರು, ಅವನು ಕಟ್ಟೆ ಇಳಿದ್ರೆ ಜಾಗ ಹಿಡಿಯೋಕೆ. ಅವರು ಒಂದು ಆಡು ಬಿಟ್ರೆ ಇವನು ಅವರನ್ನ ಇಳಿಸ್ತಿದ್ದ. ಹಿಂಗೆ ಒಬ್ಬರನ್ನೊಬ್ಬರು ಕಾದೂ ಕಾದೂ ಊರೆಲ್ಲ ಸೇರಿ ಗುಡ್ಡ ಕಾಯ್ತು. ಕಾಡಿನ ಮೇಲೆ ಪ್ರೀತಿ ಉಕ್ಕಿ ಕಾಯ್ದರು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಕೆಲಸ ಮಾಡಿದ್ದು ಅವಳೊಬ್ಬಳೇ. ಮೊದಲ ವರ್ಷ ಬಂದ ಚಿಗುರನ್ನೆಲ್ಲ ಹಾಗೇ ಬಿಟ್ಟಳು. ಒಂದೊಂದು ಮೋಟಿನ ಮೇಲೆ ಹದಿನೈದು ಕಡ್ಡಿ ಎದ್ದು ಪೊರಕೆ ಥರ ನಿಂತವು, ಯಾವುದೂ ದಪ್ಪ ಆಗಲಿಲ್ಲ. ಎರಡನೇ ವರ್ಷದಿಂದ ಮಖೆ ಮಳೆಯಲ್ಲಿ ಗಟ್ಟಿ ಇರೋ ಎರಡನ್ನ ಉಳಿಸಿ ಮಿಕ್ಕಿದ್ದನ್ನ ಸವರಿದಳು. ಆರಿದ್ರಾ ಮಳೆಗೆ ಖಾಲಿ ಜಾಗದಲ್ಲಿ ಕಮರದ ಬೀಜ ಊರಿದಳು, ಅರ್ಧ ಇರುವೆ ಪಾಲು. ಸ್ವಾತಿ ಮುಗಿದ ಮೇಲೆ ಆಳೆತ್ತರದ ಹುಲ್ಲು ಕೊಯ್ದು ಕದದಾಚೆ ಎಸೆದಳು, ಊರ ಆಡು ಅದನ್ನೇ ತಿಂದವು. ಬೇಸಿಗೆಗೆ ಮುಂಚೆ ಕಾಡಿನ ಸುತ್ತ ನಾಲ್ಕು ಮಾರು ಅಗಲ ನೆಲ ಕೆರೆದು ಬೋಳು ಮಾಡಿದಳು, ಬೆಂಕಿ ದಾಟಬಾರದು ಅಂತ. ಇತ್ತ ಮನೆಗೆ ಬಾಗಿಲಿಲ್ಲ. ನಾಯಿ ನುಗ್ಗಿ ಅಂಬಲಿ ಮಡಕೆ ಉರುಳಿಸ್ತಿದ್ದವು. ಈಚಲು ಚಾಪೆ ಕಟ್ಟಿದರೆ ಯಾರೋ ಕಿತ್ತು ಬಿಸಾಕ್ತಿದ್ರು. ಎರಡನೇ ವರ್ಷ ಪುಷ್ಯ ಮಾಸದ ಚಳಿಯಲ್ಲಿ ನಂಜಾಚಾರಿ ಆ ಬಯಲು ಬಾಗಿಲ ಎದುರಿಗೇ ಕೆಮ್ಮಿ ಕೆಮ್ಮಿ ಸತ್ತ. ಹೆಣ ಎತ್ತೋಕೆ ಬಂದವರು, "ಈಗಾದ್ರೂ ಕದ ತಂದು ಹಾಕ್ಕೊಳೇ," ಅಂದರು. "ತಂದ್ರೆ ನಾಳೆ ಗುಡ್ಡದಲ್ಲಿ ಎಷ್ಟಾಡು ಇರ್ತವೆ?" ಅಂತ ಕೇಳಿದಳು. ಅವರು ಹೆಣ ಎತ್ತಿಕೊಂಡು ಹೊರಟರು.

ಏಳನೇ ವರ್ಷದ ಮಾಘದಲ್ಲಿ ಅವಳು ಕೊಡಲಿ ತಗೊಂಡು ಕಾಡನ್ನ ಏಳು ಪಟ್ಟಿ ಮಾಡಿ, ಅದರಲ್ಲಿ ಒಂದನ್ನ ಪೂರ್ತಿ ಕಡಿದಳು. ಅವತ್ತು ಊರು ಎದ್ದು ಬಂತು. ಮಂಡಿನೋವಿನ ಗೌಡನೂ ಗುಡ್ಡ ಹತ್ತಿದ.

"ನಮ್ಮ ಆಡಿನ ಬಾಯಿ ಕಟ್ಟಿ ನೀನು ಕೊಡಲಿ ಆಡಿಸ್ತೀಯಾ? ಏಳು ವರ್ಷ ಕಾಡು ಕಾದಿದ್ದು ನಿನ್ನ ಸೌದೆಗೆ ಅನ್ನು."

"ನೊಗಕ್ಕೆ. ಕಡಿಯೋಕೇ ಬೆಳೆಸಿದ್ದು, ಪೂಜೆ ಮಾಡೋಕಲ್ಲ. ವರ್ಷಕ್ಕೊಂದು ಪಟ್ಟಿ. ಏಳನೇದು ಕಡಿಯೋ ಹೊತ್ತಿಗೆ ಮೊದಲನೇದು ಮತ್ತೆ ಎದ್ದಿರ್ತದೆ."

"ಕಡಿದಿದ್ದು ಏಳ್ತದಂತೆ. ಕೇಳ್ರಪ್ಪಾ."

"ನಿಮ್ಮಪ್ಪ ಕಡಿದಿದ್ದು ಎದ್ದಿಲ್ವಾ? ಸುತ್ತ ನೋಡು. ಗೇಣೆತ್ತರ ಬಿಟ್ಟು ಓರೆಯಾಗಿ ಕಡಿದಿದೀನಿ, ನೀರು ನಿಂತು ಕೊಳೀಬಾರ್ದು ಅಂತ. ಮೂರು ಮಳೆಗಾಲ ಆಡಿನ ಬಾಯಿ ಬೀಳದಿದ್ರೆ ಸಾಕು. ಇದನ್ನ ಏಳು ವರ್ಷದ ಹಿಂದೆಯೂ ಹೇಳಿದ್ದೆ, ಅವತ್ತು ನಗ್ತಾ ಇದ್ರಿ."

ಕದ ಅವಳದ್ದು. ಇನ್ನೊಬ್ಬರ ಮನೆ ಕದ ಕೀಳೋದು ಕಳ್ಳತನ, ಅದನ್ನ ಯಾರೂ ಮಾಡೋ ಹಂಗಿರಲಿಲ್ಲ. ಹಂಗಾಗಿ ತೀರ್ಮಾನ ಅವಳ ಕೊರಳಿಗೇ ಬಂತು: ಕದ ಕಿತ್ತು ಮನೆಗೆ ಒಯ್ಯಿ, ಇಲ್ಲಾಂದ್ರೆ ಊರಲ್ಲಿ ನಿನಗೆ ನೀರಿಲ್ಲ, ಬೆಂಕಿಯಿಲ್ಲ, ಕೆಲಸವಿಲ್ಲ. ಅವಳು ಕೊಡಲಿಯನ್ನ ಒಳಗಿನ ಕಕ್ಕೆ ಮರಕ್ಕೆ ಒರಗಿಸಿದಳು. ಬಾಚಿಯನ್ನ ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದು ಕದ ಎಳೆದು ಚಿಲಕ ಹಾಕಿದಳು.

"ಇದು ನನ್ನ ಮನೆ. ನಾನು ಬರೋತನಕ ಹಿಂಗೇ ಇರ್ಲಿ," ಅಂದು ಗುಡ್ಡದ ಆಚೆ ಇಳಿದು ಹೋದಳು. ವಾಪಸ್ ಬರಲಿಲ್ಲ. ಎಲ್ಲಿ ಹೋದಳು, ಎಲ್ಲಿ ಸತ್ತಳು, ಊರಿಗೆ ಗೊತ್ತಾಗಲಿಲ್ಲ. ಸತ್ತಿದ್ದು ಗೊತ್ತಾಗಿದ್ರೆ ಕದ ಕಿತ್ತು ಎಸೀತಿದ್ರು. ಬದುಕಿದಾಳೋ ಸತ್ತಿದಾಳೋ ತಿಳೀದವಳ ಕದ ಮುಟ್ಟೋದು ಹೆಂಗೆ?

ಮೂರು ವರ್ಷ ಆದ ಮೇಲೆ, ಬಿತ್ತನೆಯ ಹದದ ದಿನವೇ ಬೊಮ್ಮಲಿಂಗಗೌಡನ ನೊಗ ಮುರೀತು. ಊರಿಗೆ ಬಡಗಿ ಇಲ್ಲ, ಮರ ಮೂರು ದಿನದ ದಾರಿ, ಮಣ್ಣಿನ ಹದ ಆರೋಕೆ ಎರಡೇ ದಿನ. ಗೌಡ ಗುಡ್ಡ ಹತ್ತಿ ಕದದ ಮುಂದೆ ನಿಂತ. ಎಡಬಲ ಪೂರ್ತಿ ಬಯಲು, ಸುತ್ತಿಕೊಂಡು ಹೋಗಬಹುದಿತ್ತು. ಆದ್ರೆ ದಾಯಾದಿಗಳು ಕೆಳಗಿನ ಹೊಲದಿಂದ ನೋಡ್ತಿದ್ರು, ಕದ ಬಿಟ್ಟು ನುಗ್ಗಿದ್ರೆ ಕಳ್ಳ ಅನ್ನೋಕೆ. "ಲೇ ದೊಡ್ಡೀರೀ," ಅಂತ ಕೂಗಿದ. "ಬಂದಿದೀನಿ ಕಣೇ. ನಿನ್ನ ನಾಲಿಗೆಗೆ ಹುಳ ಬೀಳ. ಒಂದು ನೊಗಕ್ಕೆ ಮರ ಬೇಕು." ಮೂರು ಸಲ ಕೂಗಿ, ಮೂರು ಸಲ ಬೈದು, ಚಿಲಕ ತೆಗೆದು ಒಳಗೆ ಹೋದ. ಅವಳು ಕಡಿದ ಪಟ್ಟಿ ಅವನ ತಲೆ ಮೀರಿ ಬೆಳೆದಿತ್ತು. ಕತ್ತೆತ್ತಿ ನೋಡಿದ. ಕಕ್ಕೆಗೆ ಒರಗಿದ್ದ ಅವಳ ಕೊಡಲಿ ತಗೊಂಡು, ಪಕ್ಕದ ಪಟ್ಟಿಯ ಒಂದು ದಿಂಡಿಗ ಕಡಿದ. ಗೇಣೆತ್ತರ ಬಿಟ್ಟು, ಓರೆಯಾಗಿ. ಕೆತ್ತೋಕೆ ಬಡಗಿ ಇಲ್ಲ ಅಂತ ಒಂದು ರಾತ್ರಿ ಪೂರ್ತಿ ತಾನೇ ಕೂತು ಕೆತ್ತಿದ. ಆ ನೊಗ ಎತ್ತಿನ ಹೆಗಲು ಕೆರೆದು ಗಾಯ ಮಾಡ್ತು ಅಂತಾರೆ.

ಅವತ್ತಿಂದ ಊರವರು ವರ್ಷಕ್ಕೊಂದು ಪಟ್ಟಿ ಹಿಂಗೇ ಕೂಗಿ ಕಡೀತಾರೆ, ಈ ಕಾಡಿಗೆ ದೊಡ್ಡೀರಿ ಕದ ಅಂತಲೇ ಹೆಸರು. ನೀವು ಮಾಘದಲ್ಲಿ ಬಂದ್ರೆ ಎಲ್ಲ ಕಾಣ್ತದೆ: ಮೊಣಕಾಲುದ್ದದಿಂದ ಎರಡಾಳುದ್ದದವರೆಗೆ ಏಳು ಪಟ್ಟಿ ಮೆಟ್ಟಿಲ ಥರ, ಬುಡದಲ್ಲಿ ಓರೆಯಾಗಿ ಕಡಿದ ಮೋಟುಗಳು, ಹೊರಗೆ ಹುಲ್ಲು ತಿಂತಾ ನಿಂತ ಆಡುಗಳು. ಊರಲ್ಲಿ ಅವಳ ಮನೆಯ ತಳಪಾಯವೂ ಇದೆ. ಅದರ ಮೇಲೆ ಯಾರೂ ಮನೆ ಕಟ್ಟಿಲ್ಲ. ಕಡಿಯೋ ದಿನ ಕದದ ಮುಂದೆ ಊರವರು ಮೂರು ಸಲ ಏನೋ ಕೂಗ್ತಾರಲ್ಲ, ಅದನ್ನ ಮಂತ್ರ ಅಂದ್ಕೊಂಡು ಕೈ ಮುಗಿಯೋ ಯಾತ್ರಿಕರನ್ನ ನೋಡಿದೀನಿ. ಅದು ಬೈಗುಳ. ವರ್ಷಕ್ಕೊಂದು ಹೊಸದು ಸೇರ್ತದೆ. ಈ ಸಲ ಕೂಗಿದ್ದು ಬೊಮ್ಮಲಿಂಗಗೌಡನ ವಂಶದ ಪುಟ್ಟಹನುಮಕ್ಕ, ಅರವತ್ತು ದಾಟಿದ ಹೆಂಗಸು. ಅವಳಿಗೂ ಮಂಡಿನೋವು. ಸಂಜೆ ಕಡಿದಿದ್ದೆಲ್ಲ ಗಾಡಿಗೆ ಏರಿದ ಮೇಲೆ ಅವಳು ಕೊಡಲಿಯನ್ನ ಕಕ್ಕೆ ಮರಕ್ಕೆ ಒರಗಿಸಿದಳು. ಯಾತ್ರಿಕನೊಬ್ಬ ಅಡ್ಡದಾರಿ ಹಿಡಿದು ಬಯಲ ಕಡೆಯಿಂದ ಹೊರಗೆ ಹೋಗೋಕೆ ನೋಡಿದ.

"ಏಯ್, ಹುಟ್ಟಿದ್ದು ಬಾಗಿಲಿರೋ ಮನೇಲಿ ತಾನೇ? ಈ ಕಡೆ ಬಾ," ಅಂದಳು.

ಅವನು ಬಂದ, ಅವನ ಹಿಂದೆ ನಾವೆಲ್ಲ ಬಂದ್ವಿ. ಕೊನೆಗೆ ಅವಳು ಕುಂಟ್ತಾ ಹೊರಗೆ ಬಂದು, "ಬರ್ತೀನಿ ಕಣೇ ಹಾಳಾದೋಳೆ," ಅಂತ ಗೊಣಗಿ, ಕದ ಎಳೆದು ಚಿಲಕ ಹಾಕಿದಳು.