ಮರಳಿನಲ್ಲಿ ಮುಂಚಕ್ರ

ಡೀಸೆಲ್ ಉಳಿಸಲೆಂದು ಡ್ರೈವರ್ ಜಟ್ಟಪ್ಪ ಪಿಕಪ್ಪನ್ನು ಹಿಂದಿನ ಎರಡು ಚಕ್ರಗಳ ಬಲದಲ್ಲೇ ಕಡಲ ಮರಳಿಗೆ ಇಳಿಸಿದ.

"ನೀನು ಬರೀ ತಳ್ಳುವ ಆಳು. ದಾರಿ ತೋರಿಸುವವನು ನಾನು," ಎಂದಿತು ಮುಂಚಕ್ರ. ಹಿಂಚಕ್ರ ಮರಳನ್ನು ಹಿಂದಕ್ಕೆ ಒದೆಯುತ್ತ ಗಾಡಿಯನ್ನು ತಳ್ಳುತ್ತಲೇ ಇತ್ತು.

ಮೀನು ತುಂಬಿ ಹೊರಟಾಗ ಹಿಂಚಕ್ರ ಮರಳಲ್ಲಿ ಹೂತುಹೋಯಿತು. ಉಬ್ಬರದ ನೀರು ಬಾಗಿಲಿಗೆ ಬಡಿಯಿತು.

"ನೀನೂ ಎಳಿ ಮಾರಾಯಾ!" ಎಂದು ಹಿಂಚಕ್ರ ಕೂಗಿತು.

"ಎಳೆಯುವುದು ನನಗೆ ಗೊತ್ತೇ ಇಲ್ಲವಲ್ಲ!"

ಜಟ್ಟಪ್ಪ ಗಾಬರಿಯಿಂದ ಸಣ್ಣ ಲಿವರ್ ಎಳೆದು ನಾಲ್ಕೂ ಚಕ್ರಗಳಿಗೆ ಇಂಜಿನ್ ಜೋಡಿಸಿದ. ಕಡಲೇ ಮೈಯೊಳಗೆ ಹೊಕ್ಕಂತಾಗಿ ಮುಂಚಕ್ರ ನಡುಗಿತು. ಮರಳನ್ನು ಕಚ್ಚಿ ಗಾಡಿಯನ್ನು ಮೇಲಕ್ಕೆಳೆಯಿತು.

"ಅಬ್ಬಾ! ದಿನವೂ ಇಷ್ಟು ಬಲವನ್ನು ಹೊತ್ತೂ ಸುಮ್ಮನಿದ್ದೆಯಾ?"

"ನಿನಗೆ ದಾರಿ ನೋಡುವ ಕೆಲಸವಿತ್ತಲ್ಲ," ಎಂದಿತು ಹಿಂಚಕ್ರ.

ಟಾರು ರಸ್ತೆ ಸಿಕ್ಕಿದ್ದೇ ಲಿವರ್ ಮೊದಲಿನ ಜಾಗಕ್ಕೆ ಹೋಯಿತು. ಮುಂಚಕ್ರ ಹಗುರಾಗಿ ಉರುಳುತ್ತ, ಹಿಂದಿನವನಿಗಾಗಿ ಒಂದೊಂದೇ ಗುಂಡಿಯನ್ನು ತಪ್ಪಿಸುತ್ತ ಸಾಗಿತು.