ಜಿಂಕೆಗಳಿಗೆ ಬಿತ್ತಿದ ಹುರುಳಿ

"ಗುರುಗಳೇ, ನಾನು ಮಾಡುವ ಸೇವೆಯಲ್ಲಿ ನನ್ನ ಸ್ವಾರ್ಥ ಸೇರಿಕೊಂಡಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?" ಎಂದು ಮರುಳಸಿದ್ಧ ಕೇಳಿದ.

ಮಠದಲ್ಲಿ ಎಲ್ಲರಿಗಿಂತ ಮೊದಲು ಏಳುವವನು ಅವನು. ಅಂಗಳ ಗುಡಿಸುವವನೂ ಅವನೇ, ನೀರು ಸೇದುವವನೂ ಅವನೇ. ಗುರುಗಳು ಮೆಚ್ಚಿ ಒಂದು ಮಾತಾಡಿದ ದಿನ ಅವನಿಗೆ ಕೊಡ ಹಗುರವಾಗುತ್ತಿತ್ತು. ಮಾತಾಡದ ದಿನ ಅದೇ ಕೊಡ ಭಾರವಾಗುತ್ತಿತ್ತು. ಇದು ಅವನ ಮನಸ್ಸನ್ನು ಕೊರೆಯುತ್ತಿತ್ತು.

ಗುರುಗಳು ಅಡುಗೆಮನೆಯ ಜಗಲಿಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದರು. ಒಂದು ಕಟ್ಟನ್ನು ಅವನ ಕಡೆಗೂ ಸರಿಸಿದರು. "ಕೂತುಕೋ. ಒಂದು ಕತೆ ಹೇಳುತ್ತೇನೆ" ಎಂದು ಶುರುಮಾಡಿದರು.

ಒಂದು ಪಾಳೆಯಪಟ್ಟಿನಲ್ಲಿ ಕಾಟಯ್ಯ ಎಂಬ ಬೇಟೆಗಾರನಿದ್ದ. ಪಾಳೆಯಗಾರ ಬೇಟೆಗೆ ಹೊರಟಾಗ ದಾರಿ ತೋರಿಸುವುದು, ಪ್ರಾಣಿಗಳು ಇರುವ ಕಡೆ ಕರೆದುಕೊಂಡು ಹೋಗುವುದು ಅವನ ಕೆಲಸ. ಅವನ ಅಪ್ಪನೂ ಇದೇ ಕೆಲಸ ಮಾಡಿದ್ದ.

ಒಂದು ವರ್ಷ ಪಾಳೆಯಗಾರನ ಹೆಂಡತಿಯ ತಮ್ಮ ಬೇಟೆಗೆಂದು ಬಂದ. ನಗುನಗುತ್ತಾ ಮಾತಾಡುವ ಮನುಷ್ಯ, ಆದರೆ ಅವನ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಆ ಸಲ ಬೆಟ್ಟವೆಲ್ಲ ಸುತ್ತಿದರೂ ಒಂದು ಜಿಂಕೆಯ ಬಾಲವೂ ಕಾಣಲಿಲ್ಲ. ಊಟಕ್ಕೆ ಕುಳಿತಾಗ ಅವನು, "ಭಾವನ ಕಾಡಿಗೆ ಬಂದರೆ ಬೇಟೆ ಸಿಗದಿದ್ದರೂ ಹಸಿವು ಚೆನ್ನಾಗಿ ಆಗುತ್ತದೆ" ಎಂದ. ಎಲ್ಲರೂ ನಕ್ಕರು. ಪಾಳೆಯಗಾರನೂ ನಗಬೇಕಾಯಿತು.

ಬೆಳಗಾದ ಮೇಲೆ ಪಾಳೆಯಗಾರ ಕಾಟಯ್ಯನನ್ನು ಕರೆಸಿದ.

"ನೋಡು ಕಾಟಯ್ಯ, ಮುಂದಿನ ಬೇಟೆಗೆ ನನ್ನ ಭಾವಮೈದುನ ಬರುವ ಹೊತ್ತಿಗೆ ಜಿಂಕೆಗಳು ನನ್ನ ಕಣ್ಣೆದುರು ಬಂದು ನಿಂತಿರಬೇಕು. ಹಾಗೆ ಮಾಡಿದರೆ ಹಳ್ಳದ ಪಕ್ಕದ ಹೊಲ ನಿನಗೆ, ನಿನ್ನ ಮಕ್ಕಳಿಗೆ. ಆಗದಿದ್ದರೆ ಈ ಕೆಲಸಕ್ಕೆ ಬೇರೆಯವನನ್ನು ನೋಡುತ್ತೇನೆ."

"ಆಗಲಿ ಒಡೆಯಾ" ಎಂದು ಕಾಟಯ್ಯ ಮನೆಗೆ ಬಂದ. ದಾರಿಯುದ್ದಕ್ಕೂ ಯೋಚಿಸಿದ. ಜಿಂಕೆಯ ಹಿಂದೆ ಓಡಿದರೆ ಅದು ಓಡುತ್ತದೆ. ಅದೇ ಬರುವ ಹಾಗೆ ಮಾಡಿದರೆ? ಅದಕ್ಕೆ ಬೇಕಾದದ್ದನ್ನು ಅದು ಬರುವ ಜಾಗದಲ್ಲಿ ಬೆಳೆದರೆ?

ಹಳ್ಳದ ಪಕ್ಕದ ಆ ಹೊಲ ಕಾಡಿಗೆ ತಾಗಿಕೊಂಡೇ ಇತ್ತು. ಬಹಳ ಕಾಲದಿಂದ ಬೀಳು ಬಿದ್ದಿತ್ತು. ಅಲ್ಲಿ ಹುರುಳಿ ಬಿತ್ತುವುದೆಂದು ಅವನು ನಿಶ್ಚಯಿಸಿದ. ಆದರೆ ಕಾಟಯ್ಯ ಹುಟ್ಟಿದಾಗಿನಿಂದ ನೇಗಿಲು ಹಿಡಿದವನಲ್ಲ. ಎರವಲು ತಂದ ಎತ್ತುಗಳಿಗೆ ಅದು ನೋಡಿದ ಕೂಡಲೇ ತಿಳಿಯಿತು. ಅವು ತಮಗೆ ತೋಚಿದ ಕಡೆ ಹೋದವು, ಅವನು ಅವುಗಳ ಹಿಂದೆ ಹೋದ. ಬಿತ್ತುವಾಗ ಹಕ್ಕಿಗೆ ಕಲ್ಲು ಬೀಸುವ ಹಾಗೆ ಕಾಳು ಎರಚಿದ. ಒಂದು ಕಡೆ ಗುಂಪುಗುಂಪಾಗಿ ಮೊಳೆಯಿತು, ಇನ್ನೊಂದು ಕಡೆ ಬರೀ ನೆಲ. ಅವನ ಹೆಂಡತಿ ಮಾರಕ್ಕ ಬದುವಿನ ಮೇಲೆ ನಿಂತು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಹೊಲಕ್ಕೆ ಇಳಿದಳು. ಅವಳ ತವರಿನವರು ಬೇಸಾಯಗಾರರು. ಖಾಲಿ ಬಿದ್ದ ಕಡೆಗೆಲ್ಲ ಅವಳೇ ಮತ್ತೆ ಬಿತ್ತಿದಳು.

ಹುರುಳಿ ಹಸಿರಾಗಿ ಹಬ್ಬಿತು. ಮೊದಲು ಬಂದದ್ದು ಜಿಂಕೆಯಲ್ಲ, ಊರಿನ ಆಡುಗಳು. ಅವುಗಳನ್ನು ಅಟ್ಟಿದರೆ ಮೊಲಗಳು ಬಂದವು. ಮೊಲಗಳನ್ನು ಓಡಿಸುವಷ್ಟರಲ್ಲಿ ಊರಿನ ಹೆಂಗಸರು ಬುಟ್ಟಿ ಹಿಡಿದು ಎಳೆ ಸೊಪ್ಪು ಕೀಳಲು ಬಂದರು. ಅವರನ್ನು ಬೈದರೆ ಜಗಳವಾಗುತ್ತದೆ. ಕಾಟಯ್ಯ ಪೊದೆಯೊಳಗೆ ಕುಳಿತು ಕರಡಿಯ ಹಾಗೆ ಗುರುಗುಟ್ಟಿದ. ಹೆಂಗಸರು ಬುಟ್ಟಿಗಳನ್ನು ಅಲ್ಲೇ ಬಿಟ್ಟು ಓಡಿದರು. ಆ ಬುಟ್ಟಿಗಳನ್ನು ಮನೆಮನೆಗೆ ಹೊತ್ತುಕೊಂಡು ಹೋಗಿ ಕೊಟ್ಟವಳು ಮಾರಕ್ಕ. ಕೊಡುವಾಗ, "ಆ ಕರಡಿ ನಮ್ಮ ಮನೆಯದೇ" ಎಂದು ಹೇಳಿಯೂ ಬಂದಳು.

ಕೊನೆಗೆ ಒಂದು ಸಂಜೆ ಜಿಂಕೆ ಬಂತು. ಕಿವಿ ಹರಿದ ಒಂದು ಹೆಣ್ಣು ಜಿಂಕೆ. ಬದುವಿನಲ್ಲಿ ನಿಂತು ಬಹಳ ಹೊತ್ತು ಗಾಳಿ ಮೂಸಿತು. ಒಂದು ಬಾಯಿ ಸೊಪ್ಪು ಕಿತ್ತುಕೊಂಡಿತು. ಅಷ್ಟರಲ್ಲಿ ಮರೆಯಲ್ಲಿ ಅವಿತಿದ್ದ ಕಾಟಯ್ಯನಿಗೆ ಸೀನು ಬಂತು. ಜಿಂಕೆ ಮಾಯವಾಯಿತು.

ಹೀಗಾದರೆ ಬೇಟೆಯ ದಿನವೂ ಯಾರಾದರೂ ಸೀನಿಯಾರು ಎಂದು ಅವನಿಗೆ ದಿಗಿಲಾಯಿತು. ಅವಿತುಕೊಂಡರೆ ಆಗದು, ಮನುಷ್ಯನ ವಾಸನೆ ಅವುಗಳಿಗೆ ಪರಿಚಯವಾಗಬೇಕು ಎಂದುಕೊಂಡ. ಅಂದಿನಿಂದ ಸಂಜೆಯಾದರೆ ಹೊಲದ ಅಂಚಿನಲ್ಲಿ ಜಿಂಕೆಗಳಿಗೆ ಕಾಣುವ ಹಾಗೆ ಕುಳಿತ. ದಿನವೂ ಅದೇ ಕಂಬಳಿ ಹೊದ್ದ. ಆ ಕಂಬಳಿಯನ್ನು ಒಗೆಯಲು ಬಿಡಲಿಲ್ಲ. ಮಾರಕ್ಕ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ಕಿವಿ ಹರಿದ ಜಿಂಕೆ ಮತ್ತೆ ಬಂತು. ಅದರ ಹಿಂದೆ ಅದರ ಮರಿ ಬಂತು. ಆಮೇಲೆ ಹಿಂಡೇ ಬಂತು. ಅವನು ಅಲುಗಾಡದೆ ಕುಳಿತಿರುತ್ತಿದ್ದ. ಬೇಸರವಾದರೆ ಮೆಲ್ಲಗೆ ಗುನುಗುತ್ತಿದ್ದ. ಅವುಗಳಿಗೆ ಆ ಗುನುಗೂ ಒಗ್ಗಿತು. ಒಂದು ಚಪ್ಪಟೆ ಬಂಡೆಯ ಮೇಲೆ ಉಪ್ಪು ಹರಡಿಟ್ಟ. ಅವು ನೆಕ್ಕಿ ನೆಕ್ಕಿ ಬಂಡೆಯನ್ನು ನುಣುಪು ಮಾಡಿದವು. ಕಾಡುನಾಯಿಗಳು ಮರಿಯ ಬೆನ್ನು ಹತ್ತಿದ ದಿನ ಅವನು ದೊಣ್ಣೆ ಹಿಡಿದು ಹಳ್ಳದಾಚೆಯ ಗುಡ್ಡದವರೆಗೂ ಅಟ್ಟಿಕೊಂಡು ಹೋದ. ಬರುವಾಗ ಕುಂಟುತ್ತಾ ಬಂದ.

"ನಮ್ಮ ಮಗು ಬಿದ್ದಾಗಲೂ ನೀನು ಇಷ್ಟು ಓಡಿರಲಿಲ್ಲ" ಎಂದಳು ಮಾರಕ್ಕ, ಅವನ ಕಾಲಿಗೆ ಎಣ್ಣೆ ಹಚ್ಚುತ್ತಾ.

"ಒಡೆಯರಿಗೆ ಲೆಕ್ಕಕ್ಕೆ ಒಂದು ಕಡಿಮೆಯಾಗಬಾರದಲ್ಲ" ಎಂದ ಕಾಟಯ್ಯ. ಅವನು ಸುಳ್ಳು ಹೇಳಲಿಲ್ಲ. ಅವನ ಮನಸ್ಸಿನಲ್ಲಿ ಇದ್ದದ್ದು ಅದೇ. ಬೇಟೆಯ ದಿನ ಯಾವ ಜಿಂಕೆ ಎಲ್ಲಿ ನಿಲ್ಲುತ್ತದೆ, ಬಾಣ ಯಾವ ಕಡೆಯಿಂದ ಬಂದರೆ ತಪ್ಪುವುದಿಲ್ಲ ಎಂಬುದನ್ನೂ ಅವನು ಆಗಲೇ ಗೊತ್ತುಮಾಡಿಕೊಂಡಿದ್ದ. ಹೊಲ ತನ್ನದಾದ ಮೇಲೆ ಎಲ್ಲಿ ಬಾವಿ ತೋಡಬೇಕೆಂಬುದನ್ನೂ ನೋಡಿಟ್ಟಿದ್ದ.

ಬೇಟೆಯ ಕಾಲ ಬಂತು. ಹುರುಳಿ ಕಾಯಿ ಕಟ್ಟಿತ್ತು. ಪಾಳೆಯಗಾರ ಭಾವಮೈದುನನನ್ನೂ ಪರಿವಾರವನ್ನೂ ಕರೆದುಕೊಂಡು ಬಂದ. ಹೊಲದ ಪಕ್ಕದ ಮರಕ್ಕೆ ಕಟ್ಟಿದ ಅಟ್ಟಣೆಯನ್ನು ಅವರಿಬ್ಬರೂ ಹತ್ತಿದರು. ಕಾಟಯ್ಯ ಎಂದಿನಂತೆ ಕಂಬಳಿ ಹೊದ್ದು ತನ್ನ ಜಾಗದಲ್ಲಿ ಕುಳಿತ. ಹೊತ್ತು ಇಳಿಯುತ್ತಿದ್ದಂತೆ ಜಿಂಕೆಗಳು ಒಂದೊಂದಾಗಿ ಬಂದವು. ಪಾಳೆಯಗಾರನ ಮುಖ ಅರಳಿತು. ಭಾವಮೈದುನನ ಬಾಯಿ ಮೊದಲ ಸಲ ಕಟ್ಟಿತು.

ಪಾಳೆಯಗಾರ ಬಿಲ್ಲಿನ ಹೆದೆ ಎಳೆದ. ಅದೇ ಹೊತ್ತಿಗೆ ಹಿಂದೆ ಕಟ್ಟಿಹಾಕಿದ್ದ ಕುದುರೆಯೊಂದು ಜೋರಾಗಿ ಕೆನೆಯಿತು. ಜಿಂಕೆಗಳು ಬೆದರಿ ಎದ್ದುಬಿದ್ದು ಓಡಿದವು. ಆದರೆ ಕಾಡಿನ ಕಡೆಗೆ ಓಡಲಿಲ್ಲ. ನೇರವಾಗಿ ಕಾಟಯ್ಯನ ಹತ್ತಿರ ಬಂದು, ಅವನ ಸುತ್ತ ಒತ್ತೊತ್ತಾಗಿ ನಿಂತವು. ಮರಿ ಅವನ ಕಂಬಳಿಯೊಳಗೆ ತಲೆ ತೂರಿಸಿತು.

"ಭಾವ, ಇವನು ನಿನ್ನ ಬೇಟೆಗಾರನೋ, ಅವುಗಳ ಸೋದರಮಾವನೋ?" ಎಂದು ಭಾವಮೈದುನ ಕೇಳಿದ.

"ಲೋ, ಪಕ್ಕಕ್ಕೆ ಸರಿಯೋ!" ಎಂದು ಪಾಳೆಯಗಾರ ಕೂಗಿದ.

ಕಾಟಯ್ಯ ಸರಿದ. ಹಿಂಡೂ ಸರಿಯಿತು. ಅವನು ಹೊಲದ ಆ ಅಂಚಿಗೆ ನಡೆದ. ಜಿಂಕೆಗಳು ಅವನ ಹಿಂದೆ ಸಾಲಾಗಿ ನಡೆದವು. ಈ ಅಂಚಿಗೆ ಬಂದ, ಅವೂ ಬಂದವು. ಪರಿವಾರದವರು ನಗು ತಡೆಯಲಾರದೆ ಬಾಯಿಗೆ ಬಟ್ಟೆ ತುರುಕಿಕೊಂಡರು. ಕಾಟಯ್ಯನಿಗೆ ನಾಚಿಕೆಯಿಂದ ಬೆವರು ಕಿತ್ತುಬಂತು. ಪಾಳೆಯಗಾರನಿಗೂ ಮೊದಮೊದಲು ನಗು ಬಂತು, ಆಮೇಲೆ ಬರಲಿಲ್ಲ.

"ಸಾಕು ಆಟ. ಮರ ಹತ್ತಿ ಕೂತುಕೋ" ಎಂದ.

ಕಾಟಯ್ಯ ಹತ್ತಿರದ ಮರ ಹತ್ತಿದ. ಜಿಂಕೆಗಳು ಆ ಮರದ ಕೆಳಗೆ ಬಂದು ಕತ್ತೆತ್ತಿ ಅವನನ್ನೇ ನೋಡುತ್ತಾ ನಿಂತವು. ಈಗ ಅವುಗಳಿಗೂ ಅಟ್ಟಣೆಗೂ ನಡುವೆ ಒಂದು ಹುಲ್ಲುಕಡ್ಡಿಯೂ ಅಡ್ಡ ಇರಲಿಲ್ಲ. ಕಣ್ಣಿಲ್ಲದವನೂ ಹೊಡೆಯಬಹುದಾಗಿತ್ತು. ಇಷ್ಟು ತಿಂಗಳು ಕಾಟಯ್ಯ ಬಯಸಿದ್ದು ಇದನ್ನೇ. ಇನ್ನೇನು ಒಡೆಯನ ಮಾತು ನಡೆದಂತೆ, ಹೊಲ ಅವನದಾದಂತೆ. ಮೇಲಿನಿಂದ ಅವನು ಕಿವಿ ಹರಿದ ಜಿಂಕೆಯ ಕಣ್ಣನ್ನು ನೋಡಿದ. ಅದು ಬಾಯಲ್ಲಿದ್ದ ಹುರುಳಿಯನ್ನು ನಿಧಾನವಾಗಿ ಅಗಿಯುತ್ತಿತ್ತು. ಅದಕ್ಕೆ ಒಂದಿಷ್ಟೂ ಹೆದರಿಕೆ ಇರಲಿಲ್ಲ. ಕಾಡಿನ ಪ್ರಾಣಿಗೆ ಇರಲೇಬೇಕಾದ ಹೆದರಿಕೆಯನ್ನು ತಾನು ಇವುಗಳಿಂದ ಕಿತ್ತುಕೊಂಡಿದ್ದೇನೆ ಎಂದು ಅವನಿಗೆ ಆಗ ಅರಿವಾಯಿತು.

ಹೆದೆ ಎಳೆದ ಸದ್ದು ಕೇಳಿಸಿತು.

ಕಾಟಯ್ಯ ಮರದಿಂದ ಧುಮುಕಿದ. ಬೇಟೆಯಲ್ಲಿ ಪ್ರಾಣಿಗಳನ್ನು ಅಟ್ಟುವಾಗ ಹಾಕುವ ಕೇಕೆಯನ್ನು ಗಂಟಲು ಹರಿಯುವ ಹಾಗೆ ಹಾಕಿದ. ಕಂಬಳಿಯನ್ನು ಬೀಸಿ ಬೀಸಿ ಎಸೆದ. ಜಿಂಕೆಗಳು ಬೆಚ್ಚಿದವು, ಆದರೂ ಹೋಗಲಿಲ್ಲ. ಕಿವಿ ಹರಿದದ್ದು ಅವನ ಕಡೆಗೇ ಒಂದು ಹೆಜ್ಜೆ ಇಟ್ಟಿತು. ಅವನು ಬಗ್ಗಿ ಕಲ್ಲು ಎತ್ತಿಕೊಂಡು ಅದರ ಪಕ್ಕೆಗೆ ಹೊಡೆದ. ಅದು ಒಂದು ಕ್ಷಣ ಅವನನ್ನು ನೋಡಿತು. ಇನ್ನೊಂದು ಕಲ್ಲು ಬೀಳುವುದರೊಳಗೆ ಹಾರಿತು. ಅದರ ಹಿಂದೆ ಹಿಂಡೆಲ್ಲ ಕಾಡು ಸೇರಿತು. ಪಾಳೆಯಗಾರನ ಬಾಣ ಖಾಲಿ ನೆಲದಲ್ಲಿ ನಾಟಿಕೊಂಡಿತು.

ಪಾಳೆಯಗಾರ ಅಟ್ಟಣೆಯಿಂದ ಇಳಿದು ಬಂದ. ಸಿಟ್ಟಿನಿಂದ ಚಾವಟಿಗೆ ಕೈಚಾಚಿದ. ಅವನ ಹಿಂದೆ ಭಾವಮೈದುನ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ ಬಂದ.

"ಇವನಿಗೆ ಏನೂ ಮಾಡಬೇಡ ಭಾವ. ನಿನ್ನ ಕಾಡಿನಲ್ಲಿ ಇಷ್ಟು ಒಳ್ಳೆಯ ಬೇಟೆಯನ್ನು ನಾನು ಯಾವತ್ತೂ ನೋಡಿರಲಿಲ್ಲ" ಎಂದ.

ಅವನ ಆ ನಗುವಿನಿಂದಲೇ ಕಾಟಯ್ಯನ ಬೆನ್ನು ಉಳಿಯಿತು. ಕೆಲಸ ಉಳಿಯಲಿಲ್ಲ, ಹೊಲವೂ ಸಿಗಲಿಲ್ಲ. ಅವನು ತನ್ನ ಬಿಲ್ಲನ್ನು ಒಡೆಯನ ಕಾಲ ಬಳಿ ಇಟ್ಟು ಕೈಮುಗಿದು ಮನೆಗೆ ಬಂದ.

ಮಾರಕ್ಕ ಎಲ್ಲವನ್ನೂ ಕೇಳಿದಳು. ಅವನು ಸರಿದ ಕಡೆಗೆಲ್ಲ ಹಿಂಡು ಸರಿದ ಸಂಗತಿಯನ್ನು ಇನ್ನೊಂದು ಸಲ ಹೇಳಿಸಿಕೊಂಡು ನಕ್ಕಳು. ಕಲ್ಲು ಹೊಡೆದ ಸಂಗತಿ ಬಂದಾಗ ನಗಲಿಲ್ಲ. ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

"ಇನ್ನು ಏನು ಮಾಡುತ್ತೀಯ?"

"ಬಿತ್ತುವುದನ್ನು ಕಲಿತಿದ್ದೇನಲ್ಲ."

"ಯಾರು ಹೇಳಿದ್ದು?" ಎಂದಳು ಮಾರಕ್ಕ.

ಆದರೂ ಅವಳು ಮರುದಿನವೇ ಪಕ್ಕದ ಊರಿನ ತವರಿಗೆ ಹೋಗಿ ಅಣ್ಣನ ಹೊಲದಲ್ಲಿ ಒಂದು ತುಂಡನ್ನು ಪಾಲಿಗೆ ಕೇಳಿಕೊಂಡು ಬಂದಳು. ಗಂಡ ಹೆಂಡತಿ ಅಲ್ಲಿ ಬೇಸಾಯ ಹೂಡಿದರು. ಒಂದೆರಡು ಬೆಳೆ ಕಳೆಯುವಷ್ಟರಲ್ಲಿ ಕಾಟಯ್ಯನ ಸಾಲುಗಳು ನೆಟ್ಟಗಾದವು. ಎತ್ತುಗಳೂ ಅವನ ಮಾತು ಕೇಳತೊಡಗಿದವು. ಹಬ್ಬದ ದಿನ ಊರಿನ ಹೆಂಗಸರು ಅವನಿಂದ ಕರಡಿಯ ಹಾಗೆ ಗುರುಗುಟ್ಟಿಸಿ ನಗುತ್ತಿದ್ದರು.

ಸೌದೆಗೆ ಹೋದಾಗ ಒಮ್ಮೊಮ್ಮೆ ಆ ಹಿಂಡು ಅವನಿಗೆ ಕಾಣುತ್ತಿತ್ತು. ಅವನ ವಾಸನೆ ಸಿಕ್ಕಿದ್ದೇ ತಡ, ಕಿವಿ ಹರಿದ ಜಿಂಕೆ ಕಾಲು ಒದೆದು ಕೂಗುತ್ತಿತ್ತು. ಹಿಂಡೆಲ್ಲ ಗುಡ್ಡ ಹತ್ತಿ ಮರೆಯಾಗುತ್ತಿತ್ತು. ಬೇರೆ ಸೌದೆಯವರನ್ನು ಕಂಡರೆ ಅವು ಅಷ್ಟು ಹೆದರುತ್ತಿರಲಿಲ್ಲ. ಮೊದಲ ಸಲ ಹಾಗಾದಾಗ ಕಾಟಯ್ಯ ಹೊರೆ ಇಳಿಸಿ ಅಲ್ಲೇ ಕುಳಿತುಬಿಟ್ಟ. ಬರುಬರುತ್ತಾ ಆ ನೋವು ಹೋಯಿತು. ಅವು ಓಡುವುದನ್ನು ನೋಡಿದರೆ ಅವನಿಗೆ ಖುಷಿಯಾಗತೊಡಗಿತು. "ಹಾಗೆ ಓಡಬೇಕು. ಇನ್ನೂ ಜೋರಾಗಿ!" ಎಂದು ಹಿಂದಿನಿಂದ ಕೂಗುತ್ತಿದ್ದ. ಆ ಕೂಗಿಗೆ ಅವು ಇನ್ನಷ್ಟು ಬೆದರಿ ಓಡುತ್ತಿದ್ದವು. ಅವನು ನಗುತ್ತಾ ಹೊರೆ ಹೊತ್ತು ಮನೆಗೆ ಬರುತ್ತಿದ್ದ.

ಗುರುಗಳು ಕತೆ ಮುಗಿಸಿ, ಬಿಡಿಸಿದ ಸೊಪ್ಪನ್ನು ನೀರಿಗೆ ಹಾಕಿದರು. ಮರುಳಸಿದ್ಧನ ಕಟ್ಟು ಹಾಗೆಯೇ ಇತ್ತು.

"ಗುರುಗಳೇ, ಅವನು ಕಲ್ಲು ಹೊಡೆದದ್ದು ತಮ್ಮನ್ನು ಉಳಿಸುವುದಕ್ಕೆ ಎಂದು ಆ ಜಿಂಕೆಗಳಿಗೆ ಮುಂದೆ ಯಾವತ್ತಾದರೂ ತಿಳಿಯಿತೇ?" ಎಂದು ಅವನು ಕೇಳಿದ.

"ತಿಳಿದಿದ್ದರೆ ಈ ಕತೆ ನಿನ್ನ ಪ್ರಶ್ನೆಗೆ ಉತ್ತರವಾಗುತ್ತಿರಲಿಲ್ಲ" ಎಂದರು ಗುರುಗಳು.