ಅರಸನ ಅಪ್ಪಣೆಯೂ ಸಾಸಿವೆಯ ಸಾಲೂ

“ಕೇಳಿರಪ್ಪೋ ಕೇಳಿರಿ! ಅರಮನೆಯ ಕಾಯಿಪಲ್ಯದ ತೋಟ ಬಿಸಿಲಿಗೆ ಬಾಡಿ ಹುಳಕ್ಕೆ ತುತ್ತಾಗಿದೆ. ಮೂರು ಒಗಟು ಬಿಡಿಸಿ ತೋಟ ಉಳಿಸುವ ದಾರಿ ತೋರಿದವರಿಗೆ ಕೇಳಿದ ವರ. ತಪ್ಪಿದವರಿಗೆ ಹುಣ್ಣಿಮೆಯಂದು ತಲೆದಂಡ!”

ಹೊನ್ನಗಿರಿಯ ಬೀದಿಯಲ್ಲಿ ಹೀಗೆ ಡಂಗುರ ಸಾರುವಾಗ ಈರಕ್ಕ ಸೆರೆಮನೆಯ ಕಿಟಕಿಯಲ್ಲಿ ಅಪ್ಪನಿಗೆ ರೊಟ್ಟಿ ಕೊಡುತ್ತಿದ್ದಳು. ತೋಟ ಒಣಗಿದ್ದು ಆಳುಗಳ ಸೋಮಾರಿತನದಿಂದ ಎಂದು ಅರಸ ವೀರಮಲ್ಲ ಅವಳ ಅಪ್ಪ ಬೊಮ್ಮಣ್ಣನನ್ನೂ ಇನ್ನೈದು ತೋಟಿಗರನ್ನೂ ಒಳಗೆ ಹಾಕಿಸಿದ್ದ.

“ಹೋಗಬೇಡ ಮಗಳೇ,” ಎಂದ ಬೊಮ್ಮಣ್ಣ. “ಅರಸರ ಎದುರು ಮಾತಾಡಿ ಉಳಿದವರಿಲ್ಲ.”

“ಏಟು ತಿಂದ ಮೇಲೆ ಮಾತಾಡದೆ ಇದ್ದ ನೀನು ಉಳಿದೆಯಾ ಅಪ್ಪಾ?” ಎಂದವಳು ಸೆರಗು ಬಿಗಿದು ನಡೆದೇಬಿಟ್ಟಳು.

ಸಭೆಯಲ್ಲಿ ರಾಜಮಾತೆ ಕುಳಿತಿದ್ದರು. ಮೊದಲೆರಡು ಒಗಟು ತೋಟ ಹಾಕಿಸಿದ ಅವರ ಅತ್ತೆಯವು. ಉತ್ತರ ರಾಜಮಾತೆಗೆ ಗೊತ್ತು, ಆದರೆ ಬಿಡಿಸದವರಿಗೆ ಹೇಳುವುದಿಲ್ಲವೆಂದು ಅತ್ತೆಗೆ ಮಾತು ಕೊಟ್ಟಿದ್ದರು. ಮೂರನೆಯದು ಅರಸನದೇ.

“ಬದುಕಿದ್ದಾಗ ಒಂಟಿಕಾಲಲ್ಲಿ ನಿಂತು ಮನೆಮಂದಿಗೆ ಉಣಿಸಿದ. ಸತ್ತ ಮೇಲೆ ಮಲಗಿಕೊಂಡೇ ನೀರು ಕಾಯುತ್ತಾನೆ. ಯಾರವನು?” ಎಂದು ರಾಜಮಾತೆ ಕೇಳಿದರು.

ರೇಷ್ಮೆ ಸೆಟ್ಟಿಯ ಮಗ ಮುಂದೆ ಬಂದ. “ತೆಂಗಿನ ಮರ. ಕಡಿದರೆ ನೀರಿನ ದೋಣಿಯಾಗುತ್ತದೆ.”

“ದೋಣಿ ನೀರು ಹರಿಸುತ್ತದಪ್ಪ, ಕಾಯುವುದಿಲ್ಲ.”

ಭಟರು ಅವನನ್ನು ಎಳೆದೊಯ್ದರು. ಆಸ್ಥಾನ ಪಂಡಿತ ಗಂಟಲು ಸರಿಮಾಡಿಕೊಂಡು, “ಕೆರೆ ಕಟ್ಟಿಸಿದ ಪುಣ್ಯಾತ್ಮ. ಏರಿಯ ಮೇಲೆ ಅವನ ಸಮಾಧಿ,” ಎಂದ. ಅವನೂ ಸೆರೆಮನೆ ಸೇರಿದ. ಆಮೇಲೆ ಯಾರೂ ಏಳಲಿಲ್ಲ.

ಈರಕ್ಕ ಎದ್ದು ನಿಂತಳು. “ರಾಗಿಯ ಪೈರು, ತಾಯಿ. ಹೊಲದಲ್ಲಿ ನಿಂತಿದ್ದಾಗ ಕಾಳು ಕೊಟ್ಟಿತು. ಒಣಗಿದ ಮೇಲೆ ಅದರ ಹುಲ್ಲನ್ನು ಗಿಡದ ಬುಡಕ್ಕೆ ಹಾಸಿದರೆ ನೆಲದ ತೇವ ಆರುವುದಿಲ್ಲ.”

ರಾಜಮಾತೆಯ ಮುಖ ಅರಳಿತು. “ಸರಿ. ಇನ್ನೊಂದು ಕೇಳು. ಹಳದಿ ಸೀರೆ ಉಟ್ಟು ಬಾಗಿಲಲ್ಲಿ ನಿಲ್ಲುತ್ತಾಳೆ. ದಂಡೆತ್ತಿ ಬಂದವರನ್ನು ಕರೆದು ತನ್ನ ಮೈಯನ್ನೇ ಉಣಿಸುತ್ತಾಳೆ. ಒಳಗಿನವರು ಬದುಕುತ್ತಾರೆ. ಯಾರವಳು?”

“ಸಾಸಿವೆ, ತಾಯಿ. ಮಡಿಗಳ ಸುತ್ತ ಒಂದು ಸಾಲು ಬಿತ್ತಿದರೆ ಗಿಡದ ಹೇನು, ಹುಳ ಎಲ್ಲ ಮೊದಲು ಅದಕ್ಕೇ ಮುತ್ತುತ್ತವೆ. ಒಳಗಿನ ಕಾಯಿಪಲ್ಯ ಉಳಿಯುತ್ತದೆ.”

“ಅದೂ ಸರಿ!”

ಅರಸ ಮೀಸೆ ತಿರುವಿದ. “ಈಗ ನನ್ನದು. ಹುಳಕ್ಕಿಂತ ಹೆಚ್ಚು ತಿನ್ನುತ್ತದೆ, ಬಾಯಿಲ್ಲ. ಬಿಸಿಲಿಗಿಂತ ಹೆಚ್ಚು ಸುಡುತ್ತದೆ, ಬೆಂಕಿಯಿಲ್ಲ. ಏನದು?”

ಅವನಿಗೆ ಬೇಕಾದ ಉತ್ತರ ಈರಕ್ಕನಿಗೆ ಗೊತ್ತಿತ್ತು. ಸೋಮಾರಿತನ ಎಂದರೆ ಅವಳ ತಲೆ ಉಳಿಯುತ್ತಿತ್ತು, ಅಪ್ಪನ ಮೇಲಿನ ಕಳಂಕ ಗಟ್ಟಿಯಾಗುತ್ತಿತ್ತು.

“ನಿಮ್ಮ ಅಪ್ಪಣೆ, ಪ್ರಭು.”

ಅರಸ ಸಿಂಹಾಸನದಿಂದ ಎದ್ದ. “ಏನೆಂದೆ?”

“ನೋಡಲು ಚೆಂದವಿಲ್ಲವೆಂದು ಹುಲ್ಲು ಗುಡಿಸಿಸಿದಿರಿ. ಕಳೆಯೆಂದು ಸಾಸಿವೆ ಕೀಳಿಸಿದಿರಿ. ನಿಮ್ಮ ಕಣ್ಣೆದುರೇ ಆಗಬೇಕೆಂದು ನಡುಮಧ್ಯಾಹ್ನ ನೀರು ಹಾಕಿಸಿದಿರಿ. ಬೇಡವೆಂದ ನನ್ನಪ್ಪನಿಗೆ ಚಾವಟಿ ಏಟು ಬಿತ್ತು.”

ಅರಸ ಕತ್ತಿಗೆ ಕೈ ಹಾಕಿದ. ಈರಕ್ಕ ಕದಲಲಿಲ್ಲ. “ಕಡಿಯುವುದಾದರೆ ಹುಣ್ಣಿಮೆಗೆ ಕಡಿಯಿರಿ, ಇನ್ನೂ ಹದಿನೈದು ದಿನವಿದೆ. ಎರಡು ಬದನೆ ಮಡಿ ಕೊಡಿ. ಒಂದು ನಿಮ್ಮ ಅಪ್ಪಣೆಯಂತೆ, ಒಂದು ನಾನು ಹೇಳಿದಂತೆ. ಎರಡಕ್ಕೂ ನೀವು ಸೋಮಾರಿಗಳೆಂದ ಅದೇ ಆರು ಜನ ದುಡಿಯಲಿ.”

“ನ್ಯಾಯವಾದ ಮಾತು,” ಎಂದರು ರಾಜಮಾತೆ. ಅರಸನಿಗೆ ಬೇರೆ ದಾರಿಯಿರಲಿಲ್ಲ.

ತೋಟಿಗರು ಹೊರಬಂದರು. ಈರಕ್ಕ ತನ್ನ ಹಿತ್ತಲಿನಿಂದ ಹೂಬಿಟ್ಟ ಸಾಸಿವೆ ಗಿಡಗಳನ್ನು ಬೇರುಮಣ್ಣಿನ ಸಮೇತ ಬುಟ್ಟಿಯಲ್ಲಿ ಹೊತ್ತು ತಂದು ಸುತ್ತ ನೆಟ್ಟಳು. ಬುಡಕ್ಕೆ ರಾಗಿಹುಲ್ಲು, ಮೇಲೆ ತೆಂಗಿನ ಗರಿಯ ಚಪ್ಪರ. ನೀರು ಹೊತ್ತು ಮೂಡುವ ಮೊದಲು. ಬೇವಿನ ಬೀಜ ಕುಟ್ಟಿ ನೆನೆಸಿದ ನೀರನ್ನು ಬೊಮ್ಮಣ್ಣ ಸಂಜೆ ಎಲೆಗಳಿಗೆ ಚಿಮುಕಿಸಿದ. ಪಕ್ಕದ ಮಡಿಗೆ ಅದೇ ಆಳುಗಳು ಅರಸ ಹೇಳಿದಂತೆಯೇ, ಒಂದು ಕೊಡವೂ ಕಡಿಮೆ ಮಾಡದೆ, ಉರಿಬಿಸಿಲಲ್ಲಿ ನೀರು ಸುರಿದರು.

ಹುಣ್ಣಿಮೆಯಂದು ಊರಿಗೆ ಊರೇ ಬೇಲಿಗೆ ಬಂತು. ಅರಸನ ಮಡಿಯ ನೆಲ ಬಿರುಕು ಬಿಟ್ಟಿತ್ತು, ಎಲೆಗಳು ಜಾಲರಿಯಾಗಿದ್ದವು. ಈರಕ್ಕನ ಮಡಿಯ ಹುಲ್ಲು ಸರಿಸಿದರೆ ಮಣ್ಣು ಕೈಗೆ ತಂಪಾಗಿ ಹತ್ತುತ್ತಿತ್ತು. ಸಾಸಿವೆಯ ಮೈತುಂಬ ಹೇನು, ಬದನೆಯಲ್ಲಿ ನೇರಳೆ ಹೂವು.

ಅರಸ ಬಾಗಿ ಎರಡೂ ಮಡಿಯ ಮಣ್ಣನ್ನು ಮುಟ್ಟಿ ನೋಡಿದ. ಕೊನೆಗೆ, “ನಿನ್ನ ಉತ್ತರವೇ ಸರಿ. ಏನು ಬೇಕೋ ಕೇಳು,” ಎಂದ.

“ಸೆರೆಯಲ್ಲಿರುವ ಇಬ್ಬರ ತಲೆ ಉಳಿಯಲಿ. ನನ್ನಪ್ಪನ ಕ್ಷಮೆ ಕೇಳಿ. ಇನ್ನು ಮುಂದೆ ಈ ಬೇಲಿಯೊಳಗೆ ತೋಟಿಗರ ಮಾತೇ ಅಪ್ಪಣೆ.”

ವೀರಮಲ್ಲ ಬೊಮ್ಮಣ್ಣನಿಗೆ ಕೈಮುಗಿದ. ತೋಟದ ಯಜಮಾನಿಕೆ ಈರಕ್ಕನ ಪಾಲಾಯಿತು. ಮರುದಿನ ಅರಸ ಬೇಲಿಯ ಹೊರಗೆ ನಿಂತು, “ಒಳಗೆ ಬರಬಹುದೇ?” ಎಂದು ಕೇಳಿದ.

“ಬನ್ನಿ ಪ್ರಭು,” ಎಂದಳು ಈರಕ್ಕ. “ಚಪ್ಪಲಿ ಅಲ್ಲೇ ಬಿಡಿ.”